ಪಕ್ಕದ ಕೋಣೆಯಲ್ಲಿ ಮೂಡಿದ ಪತ್ರ

ಶೈಲಜಾ ರಾಯಚೂರಿನಲ್ಲಿ ವಕೀಲೆ ರಾಧಾ ಅವರ ಹತ್ತಿರ ಹದಿನಾಲ್ಕು ವರ್ಷ ಟೈಪಿಸ್ಟ್ ಆಗಿದ್ದಳು. ನಲವತ್ತರ ಹೊತ್ತಿಗೆ ಅವಳ ನೋಟ ಅಂಚಿನಿಂದ ಒಳಕ್ಕೆ ಮಂಜಾಗುತ್ತ ಬಂತು. ಕೊನೆಗೆ ಎದುರಿಗೆ ನಿಂತವರ ಮುಖವೂ ಕಾಣದಾಯಿತು. ಇದಕ್ಕೆ ಮದ್ದಿಲ್ಲ ಎಂದರು ಡಾಕ್ಟರು. ಅವಳಿಗೆ ಮದುವೆಯಾಗಿರಲಿಲ್ಲ. ಮಾನ್ವಿಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಅಣ್ಣ ಗಡಿಗೆಪ್ಪ ಬಂದು, ಬಾಡಿಗೆ ಕೋಣೆ ಖಾಲಿ ಮಾಡಿಸಿ, ತನ್ನ ಮನೆಗೆ ಕರೆದುಕೊಂಡು ಹೋದ.

ಮನೆಯಲ್ಲಿ ಅವಳಿಗೆ ಯಾವ ಕೊರತೆಯೂ ಇರಲಿಲ್ಲ. ಅತ್ತಿಗೆ ಬಸವಂತಮ್ಮ ತಾಟಿನಲ್ಲಿ ಪಲ್ಯ ಯಾವ ಕಡೆ, ಚಟ್ನಿ ಯಾವ ಕಡೆ ಎಂದು ಹೇಳಿ ಬಡಿಸುತ್ತಿದ್ದಳು. ಆದರೆ ಶೈಲಜಾ ಹೊಸ್ತಿಲು ದಾಟಿ ಒಬ್ಬಳೇ ಹೆಜ್ಜೆ ಇಡುವಂತಿರಲಿಲ್ಲ. ಗಿರಣಿಗೆ ಬರುವ ಲಾರಿಗಳು ಮನೆಯ ಮುಂದೆಯೇ ತಿರುಗುತ್ತವೆ ಎಂಬುದು ಗಡಿಗೆಪ್ಪನ ಕಾರಣ. ಅದು ಸುಳ್ಳೂ ಆಗಿರಲಿಲ್ಲ. ಹೀಗೆ ಎರಡು ವರ್ಷ ಕಳೆದವು.

ಮೊಬೈಲ್ ಅಂಗಡಿಯ ಮತೀನ್ ಅವಳ ಫೋನು ಮಾತಾಡುವಂತೆ ಮಾಡಿಕೊಟ್ಟಿದ್ದ. ಬಂದ ಮೆಸೇಜುಗಳನ್ನೆಲ್ಲ ಅದು ಓದಿ ಹೇಳುತ್ತಿತ್ತು. ಬರೆಯುವುದೇ ಕಷ್ಟ. ಗಾಜು ಎಲ್ಲ ಕಡೆಯೂ ಒಂದೇ ನುಣುಪು. ಬೆರಳಿಗೆ ಗುರುತು ಸಿಗುತ್ತಿರಲಿಲ್ಲ. ಒಂದು ಸಾಲಿಗೆ ಕಾಲು ಗಂಟೆ ಹಿಡಿಯುತ್ತಿತ್ತು. ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುತ್ತದೆ ಎಂದು ಮತೀನ್ ತೋರಿಸಿದ. ಮನೆಮಂದಿಗೆಲ್ಲ ಕೇಳುವಂತೆ ಹೇಳಿ ಬರೆಸಲು ಅವಳಿಗೆ ಮನಸ್ಸಾಗಲಿಲ್ಲ.

ಒಂದು ಮಧ್ಯಾಹ್ನ ಅವನು ನೋಟ್‌ಬುಕ್ಕಿನಷ್ಟು ಅಗಲದ, ವೈರಿಲ್ಲದ ಕೀಬೋರ್ಡ್ ತಂದು ಅವಳ ತೊಡೆಯ ಮೇಲಿಟ್ಟ. ಅವಳ ಎರಡೂ ತೋರುಬೆರಳುಗಳು ನಡುಸಾಲಿನ ಎರಡು ಕೀಲಿಗಳ ಮೇಲಿನ ಸಣ್ಣ ಉಬ್ಬುಗೆರೆಗಳನ್ನು ಹುಡುಕಿಕೊಂಡವು. ಉಳಿದ ಬೆರಳುಗಳು ತಾವಾಗಿಯೇ ತಮ್ಮ ಜಾಗಕ್ಕೆ ಇಳಿದವು. ಕಚೇರಿಯಲ್ಲಿ ದಿನಕ್ಕೆ ಹತ್ತು ಸಲ ಹೊಡೆಯುತ್ತಿದ್ದ ‘ಮಾನ್ಯ ನ್ಯಾಯಾಲಯದ ಸನ್ನಿಧಾನದಲ್ಲಿ’ ಎಂಬ ಸಾಲನ್ನು ಒಂದೇ ಉಸಿರಿಗೆ ಹೊಡೆದಳು. ಫೋನು ಅದನ್ನು ತಪ್ಪಿಲ್ಲದೆ ಓದಿತು. ಶೈಲಜಾ ಅದೇ ಸಾಲನ್ನು ಮತ್ತೆ ಮೂರು ಸಲ ಹೊಡೆದಳು.

ಆ ಕೀಬೋರ್ಡನ್ನು ಒಂದಕ್ಕಿಂತ ಹೆಚ್ಚು ಸಾಧನಗಳಿಗೆ ಜೋಡಿಸಬಹುದಿತ್ತು. ಒಂದು ಗುಂಡಿ ಒತ್ತಿದರೆ ಶೈಲಜಾಳ ಫೋನು, ಪಕ್ಕದ್ದು ಒತ್ತಿದರೆ ಗಡಿಗೆಪ್ಪನ ಟ್ಯಾಬ್. ಗಿರಣಿಯ ಕಾಗದಪತ್ರಕ್ಕೆ ತನಗೂ ಆಗುತ್ತದೆ ಎಂದು ಅವನೇ ಹಾಗೆ ಜೋಡಿಸಿಕೊಂಡಿದ್ದ.

ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಗಡಿಗೆಪ್ಪ ಟ್ಯಾಬಿನಲ್ಲಿ ಏನೋ ಬರೆಯುತ್ತಿದ್ದವನು, ಅರ್ಧಕ್ಕೆ ಬಿಟ್ಟು ಸ್ನಾನಕ್ಕೆ ಎದ್ದ. ಬಸವಂತಮ್ಮ ಕೀಬೋರ್ಡ್ ಒಯ್ದು ಶೈಲಜಾಳ ಕೋಣೆಯಲ್ಲಿಟ್ಟಳು. ಗುಂಡಿ ಬದಲಿಸಬೇಕೆಂಬುದು ಅವಳಿಗೆ ಗೊತ್ತಿರಲಿಲ್ಲ. ಶೈಲಜಾ ಬಾಗಿಲು ಮುಂದೆ ಮಾಡಿ, ಯಾರಿಗೂ ಕೇಳಬಾರದೆಂದು ಫೋನಿನ ದನಿ ಪೂರ್ತಿ ಇಳಿಸಿ, ರಾಧಾ ಅವರಿಗೆ ಪತ್ರ ಬರೆಯತೊಡಗಿದಳು.

ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದ ಗಡಿಗೆಪ್ಪ ಟ್ಯಾಬ್ ಎತ್ತಿಕೊಂಡ. ತಾನು ಬಿಟ್ಟಿದ್ದ ಸಾಲಿನ ಕೆಳಗೆ ಅಕ್ಷರಗಳು ತಾವೇ ಮೂಡುತ್ತಿದ್ದವು. ‘ಮೇಡಂ, ಇಲ್ಲಿ ನನ್ನನ್ನು ಇಡೀ ದಿನ ಕೇಳುವ ಪ್ರಶ್ನೆ ಒಂದೇ, ಊಟವಾಯಿತೇ ಅಂತ.’ ಪಕ್ಕದ ಕೋಣೆಯ ಟಕಟಕ ಸದ್ದು ಕಿವಿಗೆ ಬಿದ್ದಾಗ, ಬರೆಯುತ್ತಿರುವವಳು ತಂಗಿ ಎಂದು ಅವನಿಗೆ ತಿಳಿಯಿತು. ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ‘ನನಗೆ ಕಣ್ಣು ಹೋಗಿದೆ, ಕೆಲಸ ಮರೆತಿಲ್ಲ.’ ಆಮೇಲೆ ಒಂದು ಸಾಲು ಬಂತು: ‘ಅಣ್ಣ ನನ್ನನ್ನು ಕೂಡಿ ಹಾಕಿದ್ದಾನೆ.’ ಸ್ವಲ್ಪ ಹೊತ್ತು ಏನೂ ಇಲ್ಲ. ಬಳಿಕ ಆ ಸಾಲು ಹಿಂದಿನಿಂದ ಒಂದೊಂದೇ ಅಕ್ಷರ ಅಳಿದುಹೋಯಿತು. ಅದರ ಜಾಗದಲ್ಲಿ ‘ಅಣ್ಣ ಚೆನ್ನಾಗಿ ನೋಡಿಕೊಳ್ಳುತ್ತಾನೆ’ ಎಂದು ಮೂಡಿತು.

ಬರೆದು ಮುಗಿಸಿದ ಶೈಲಜಾ ಒಮ್ಮೆ ಕೇಳಿ ನೋಡೋಣವೆಂದು ದನಿ ಏರಿಸಿದಳು. ಫೋನಿನಲ್ಲಿ ಏನೂ ಇರಲಿಲ್ಲ. ತನ್ನ ಗುಂಡಿ ಒತ್ತಿದಾಗ ಕೀಬೋರ್ಡ್ ಈಗ ಜೋಡಣೆಯಾಯಿತೆಂದು ಫೋನು ಹೇಳಿತು, ಬರೆದದ್ದೆಲ್ಲ ಅಣ್ಣನ ಟ್ಯಾಬಿಗೆ ಹೋಗಿದೆಯೆಂದು ಅವಳಿಗೆ ಹೊಳೆಯಿತು. ಗೋಡೆ ಹಿಡಿದು ಹೊರಗೆ ಬಂದು, ಅಲ್ಲಿ ಯಾರಿದ್ದೀರಿ ಎಂದು ಕೇಳಿದಳು.

“ನಾನ ಅದೀನಿ,” ಎಂದ ಗಡಿಗೆಪ್ಪ.

“ಎಲ್ಲಾ ಓದಿದಿ?”

“ಓದಿದೆ.”

“ಮೊದಲನೇ ಸಾಲಿಗೇ ಒಂದು ಮಾತು ಹೇಳಬೇಕಿತ್ತಲ್ಲ ಅಣ್ಣಾ. ನನಗ ಕಾಣೂದಿಲ್ಲಂತ ಗೊತ್ತಿತ್ತಲ್ಲ ನಿನಗ.”

ಆ ದಿನದಿಂದ ಶೈಲಜಾ ಕೀಬೋರ್ಡ್ ಮುಟ್ಟಲಿಲ್ಲ. ಅಣ್ಣನೊಂದಿಗೆ ಬೇಕಾದಷ್ಟೇ ಮಾತು. ಗಡಿಗೆಪ್ಪನೂ ಬೆಳಿಗ್ಗೆಯೇ ಗಿರಣಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ. ಇಬ್ಬರ ನಡುವೆ ಸಿಕ್ಕ ಬಸವಂತಮ್ಮ, ಬರೆದವಳದು ತಪ್ಪಿಲ್ಲ, ಓದಿದವನದೇ ತಪ್ಪು ಎಂದು ಗಂಡನಿಗೆ ನೇರವಾಗಿ ಹೇಳಿದಳು.

ಹತ್ತನೆಯ ದಿನ ಅವನು ಟ್ಯಾಬ್ ಹಿಡಿದು ತಂಗಿಯ ಕೋಣೆಗೆ ಬಂದ. ಪತ್ರ ಹಾಗೆಯೇ ಇದೆ, ಅಳಿಸಿಲ್ಲ, ರಾಧಾ ಅವರಿಗೆ ಕಳಿಸಲೇ ಎಂದು ಕೇಳಿದ. ಓದು ಎಂದಳು ಶೈಲಜಾ. ಅವನು ನಿಂತೇ ಓದಿದ. ಕೊನೆಗೆ ಬಂದಾಗ ಓದು ನಿಲ್ಲಿಸಿದ.

“ಇಲ್ಲೊಂದು ಸಾಲು ಇತ್ತು. ಅಳಿಸಿದಿ.”

“ಅದನ್ನೂ ನೋಡಿದೇನು?”

“ನೋಡಿದೆ. ಅದು ಖರೇನ ಅದ, ಶೈಲಾ. ಅಂಜಿ ಮಾಡೀನಿ, ಆದರ ಮಾಡೀನಿ.”

ಆ ಸಾಲು ರಾಧಾ ಮೇಡಂಗೆ ಬೇಕಾಗಿಲ್ಲ, ನಿನಗೆ ಗೊತ್ತಾಗಬೇಕಿತ್ತು, ಆಯಿತಲ್ಲ ಎಂದಳು ಶೈಲಜಾ. ಪತ್ರ ಇದ್ದ ಹಾಗೆಯೇ ಹೋಯಿತು.

ರಾಧಾ ಅಂದೇ ಸಂಜೆ ಫೋನ್ ಮಾಡಿದರು. ಇಷ್ಟು ದಿನ ಕೇಳದೆ ಇದ್ದದ್ದು ತಮ್ಮದೂ ತಪ್ಪು ಎಂದರು. ಮೊದಲು ಮನೆಯಿಂದಲೇ ಕೆಲಸ ಶುರುವಾಯಿತು. ಅವರು ತಮ್ಮ ದನಿಯಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದನ್ನು ಇಯರ್‌ಫೋನಿನಲ್ಲಿ ಕೇಳುತ್ತ ಶೈಲಜಾ ಟೈಪ್ ಮಾಡಿ ಕಳಿಸುತ್ತಿದ್ದಳು. ದೀಪಾವಳಿ ಕಳೆದ ಮೇಲೆ, ವಾರಕ್ಕೆ ಎರಡು ದಿನ ಕಚೇರಿಗೇ ಬರುತ್ತೇನೆಂದಳು. ಮೊದಲ ಮೂರು ಸಲ ಗಡಿಗೆಪ್ಪ ರಾಯಚೂರಿನವರೆಗೂ ಜೊತೆಗೆ ಬಂದ. ನಾಲ್ಕನೆಯ ಸಲ ಬಸ್ಸು ಹತ್ತಿಸಿ ಕೆಳಗೆ ನಿಂತ. ಬಸ್ಸು ದಾರಿಯಲ್ಲಿ ಸಿಗುವ ಕಲ್ಮಲ ಮುಟ್ಟುವುದರೊಳಗೆ ಅವನಿಂದ ಮೂರು ಫೋನ್ ಬಂದಿದ್ದವು. ಮೂರಕ್ಕೂ ಅವಳು ಉತ್ತರ ಕೊಟ್ಟಳು.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ದಾವೆಯೊಂದರಲ್ಲಿ ಎರಡು ಪುಟ ಅದಲುಬದಲಾಗಿ ಬೈಸಿಕೊಂಡಳು. ಬಸ್ಸಿನ ಮೆಟ್ಟಿಲಲ್ಲಿ ಬಿದ್ದು ಮೊಣಕೈ ತರಚಿತು. ಆ ಗಾಯವನ್ನು ಮನೆಯಲ್ಲಿ ಮುಚ್ಚಿಡಲಿಲ್ಲ. ಗಡಿಗೆಪ್ಪ ಎಣ್ಣೆ ಹಚ್ಚಿಕೊಟ್ಟ. ನಾಳೆ ಹೋಗಬೇಡ ಎನ್ನಲಿಲ್ಲ.

ಈಚೆಗೆ ಒಂದು ದಿನ ಅವಳು ರಾಧಾ ಅವರ ಜೊತೆ ದೇವದುರ್ಗದ ಕೋರ್ಟಿಗೆ ಹೋಗಿದ್ದಳು. ಗಿಲ್ಲೆಸುಗೂರಿನಿಂದ ಮಗಳ ಊರಾದ ದೇವದುರ್ಗಕ್ಕೆ ಬಂದು ನೆಲೆಸಿದ್ದ ಅಮೀರ್ ಬೀ ಎಂಬ ವೃದ್ಧೆಯ ಅರ್ಜಿ ಅದು. ಶೈಲಜಾ ಹೊರಗಿನ ಬೆಂಚಿನ ಮೇಲೆ ಕೀಬೋರ್ಡ್ ತೊಡೆಯ ಮೇಲಿಟ್ಟುಕೊಂಡು, ಫೋನನ್ನು ಚೀಲದಲ್ಲೇ ಬಿಟ್ಟು ಟೈಪ್ ಮಾಡುತ್ತಿದ್ದಳು. ಪಕ್ಕ ಕೂತ ಅಮೀರ್ ಬೀ, ಎದುರಿಗೆ ಹಾಳೆಯೂ ಇಲ್ಲದೆ ಏನು ಬರೆಯುತ್ತೀಯೆಂದು ವಿಚಾರಿಸಿದರು. ನಿಮ್ಮದೇ ಅರ್ಜಿ ಎಂದು ಶೈಲಜಾ ಫೋನಿನಿಂದ ಓದಿಸಿದಳು. ಅವರು ಕೊನೆಯವರೆಗೂ ಕೇಳಿದರು.

“ಎಲ್ಲಾ ಬರೋಬರ್ ಅದ, ಬೇಟಿ. ನಮ್ಮ ಅಪ್ಪನ ಹೆಸರು ಬಿಟ್ಟೀಯಲ್ಲ.”

ಹೆಸರು ಕೇಳಿಕೊಂಡು ಶೈಲಜಾ ಅದನ್ನು ಸೇರಿಸಿದಳು. ಆಮೇಲೆ ಆ ಒಂದು ಸಾಲನ್ನು ಮತ್ತೊಮ್ಮೆ ಓದಿಸಿದಳು.