ಹೋಳಿಗೆ ಊಟದ ಮೇಲೆ ಆರ್ಗನ್ನು

ಇಂದು ಬುಧವಾರ, ಮಧ್ಯಾಹ್ನ ಹನ್ನೆರಡೂವರೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಮತ್ತು ರೇಡಿಯೋ. ನಾನು ಉಣ್ಣುತ್ತಿದ್ದೆ, ಅವಳು ಬಡಿಸುತ್ತಿದ್ದಳು, ರೇಡಿಯೋದಲ್ಲಿ ಒಬ್ಬ ಉದಯೋನ್ಮುಖ ಕಲಾವಿದ ಹಾರ್ಮೋನಿಯಂ ಬಾರಿಸುತ್ತಿದ್ದ. ಉದಯಿಸುವುದಕ್ಕೆ ಈ ಹುಡುಗರಿಗೆ ನಡುಮಧ್ಯಾಹ್ನವೇ ಏಕೆ ಸಿಗುತ್ತದೆಯೋ!

ನಿಮಗೂ ಊಟವಾಗಿಲ್ಲದಿದ್ದರೆ ಕೇಳಿ; ಆಗಿದ್ದರೆ ಹೇಗೂ ಮಲಗುತ್ತೀರಿ. ನಿಜಾಮರ ಕಾಲ, ನಾವು ಕುಷ್ಟಗಿಯಲ್ಲಿದ್ದೆವು. ಯಲಬುರ್ಗಾದ ಸೋದರತ್ತೆಯ ಮಗ ವೀರಣ್ಣ ಆರ್ಗನ್ ಕಲಿತಿದ್ದ. ಕಾಲಿನಿಂದ ತಿದಿ ತುಳಿಯುತ್ತ ಕೈಯಿಂದ ಬಾರಿಸುವ ನಾಟಕದವರ ದೊಡ್ಡ ಪೆಟ್ಟಿಗೆ ಅದು. ನನ್ನ ತಂಗಿ ಶಾಂತವ್ವನನ್ನು ಅವನಿಗೇ ಕೊಡುವುದೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಆಗ ಆರ್ಗನ್ನಿನ ಸುದ್ದಿ ಇರಲಿಲ್ಲ.

"ಪೆಟಿಗಿ ತುಳಿಯಾಂವಗ ಮಗಳನ್ನ ಕೊಡಾಂಗಿಲ್ಲ," ಎಂದರು ಅಪ್ಪ. "ಕಂಪನಿ ಮಾಲಕರು ಪಗಾರಕ್ಕ ಇಟ್ಕೊಂಡ್ರ ಮಾತಾಡೂಣು. ಇಲ್ಲಂದ್ರ ತಾವರಗೇರಾದ ಕಿರಾಣಿ ಅಂಗಡಿ ಹುಡುಗ ತಯಾರ ಅದಾನ."

ಗಂಗಾವತಿಯಲ್ಲಿ ಮೊಕ್ಕಾಂ ಹೂಡಿದ್ದ ನಾಟಕ ಕಂಪನಿಯ ಮಾಲೀಕರನ್ನು ವೀರಣ್ಣನ ಪರೀಕ್ಷೆಗೆ ಕರೆಸಿದೆವು. ಬಂದವರಿಗೆ ಮೊದಲು ಊಟ, ಆಮೇಲೆ ಉಳಿದದ್ದು ಎಂಬುದು ಅಪ್ಪನ ಧರ್ಮ. ಹೋಳಿಗೆ, ತುಪ್ಪ, ಒತ್ತಾಯ, ಮತ್ತೆ ಹೋಳಿಗೆ. ಬಡಿಸುತ್ತಿದ್ದವಳು ಶಾಂತವ್ವ. ಎಲೆಯ ಮುಂದಿನಿಂದ ಮಾಲೀಕರನ್ನು ಎಬ್ಬಿಸಲು ಇಬ್ಬರು ಬೇಕಾಯಿತು. ಅವರು ಪಡಸಾಲೆಯಲ್ಲಿ ಲೋಡಿಗೆ ಒರಗಿ, ಆರ್ಗನ್ನಿನ ಮುಂದೆ ಕೂತಿದ್ದ ವೀರಣ್ಣನಿಗೆ, "ಹೂಂ, ಸುರು ಮಾಡು ತಮ್ಮಾ," ಎಂದರು.

ಮೊದಲನೆಯ ಹಾಡಿಗೆ ಮಾಲೀಕರು ತಲೆದೂಗಿದರು. ಎರಡನೆಯದಕ್ಕೆ ತಲೆ ಎದೆಯ ಮೇಲೆ ಬಂದು ನಿಂತಿತು. ಅಪ್ಪ ಕಣ್ಣು ಮುಚ್ಚಿ ತನ್ಮಯರಾಗಿದ್ದರು; ಆ ತನ್ಮಯತೆಯ ಸದ್ದು ಆರ್ಗನ್ನನ್ನೂ ಮೀರಿಸುತ್ತಿತ್ತು. ನಾನು ಶಿಸ್ತಿನ ಮನುಷ್ಯ, ಕೂತಲ್ಲೇ ಕೂತು ಅರ್ಧ ಮಾತ್ರ ಮಲಗಿದೆ.

ವೀರಣ್ಣ ಬೆವರುತ್ತ ತುಳಿದ, ಬಾರಿಸಿದ, ಮುಗಿಸಿದ. ಭಲೇ ಎನ್ನಲು ಯಾರಿಗೂ ಎಚ್ಚರವಿರಲಿಲ್ಲ. ಸುತ್ತ ಒಮ್ಮೆ ನೋಡಿ ಮೆಲ್ಲಗೆ ಮುಚ್ಚಳ ಎಳೆದುಕೊಂಡ. ತಾವರಗೇರಾದ ಕಿರಾಣಿ ಅಂಗಡಿ ನಮ್ಮ ಹೊಸ್ತಿಲಿಗೇ ಬಂದು ನಿಂತಿತು.

ಆಗ ಅಡುಗೆಮನೆಯ ಬಾಗಿಲಿನಿಂದ ಗಟ್ಟಿ ದನಿಯೊಂದು ಬಂತು: "ಒನ್ಸ್ ಮೋರ್!"

ಶಾಂತವ್ವ! ನಾವೆಲ್ಲ ಉಂಡಿದ್ದೆವು, ಬಡಿಸಿದವಳು ಇನ್ನೂ ಉಂಡಿರಲಿಲ್ಲ.

ಆ ಎರಡು ಶಬ್ದ ಕಿವಿಗೆ ಬಿದ್ದರೆ ಕಂಪನಿ ನಾಟಕದಲ್ಲಿ ಸತ್ತ ರಾಜನೂ ಎದ್ದು ಕೂತು ಮತ್ತೊಮ್ಮೆ ಹಾಡಿ ಸಾಯಬೇಕು. ಮಾಲೀಕರು ಕಣ್ಣು ಬಿಡುವ ಮೊದಲೇ ಬಾಯಿ ಬಿಟ್ಟರು: "ಏ ತಮ್ಮಾ, ಒನ್ಸ್ ಮೋರ್ ಬಂದೈತಿ, ಬಾರಸೋ! ಜನಾ ಕೇಳಾಕ ಹತ್ಯಾರ!"

ಅಪ್ಪನೂ ಎದ್ದರು. "ಯಾರಂದ್ರದು?"

"ಯಾರರ ಅನ್ಲಿ ಬಿಡ್ರಿ ಯಜಮಾನ್ರ. ಹೋಳಿಗಿ ಉಂಡವರ ಕಡಿಂದ ಒನ್ಸ್ ಮೋರ್ ತಗೊಂಡ ಹುಡುಗನ್ನ ನಾ ಬಿಡಾಂಗಿಲ್ಲ. ಪಗಾರ ಕೊಡ್ತೀನಿ, ನಾಳೆ ಗಂಗಾವತಿಗೆ ಕಳಸ್ರಿ."

ಮದುವೆಯಾಯಿತು. "ಅಳಿಯನ ಸಂಗೀತಾ ನಾನಽ ಕೇಳಿ ಪಸಂದ ಮಾಡೇನಿ," ಎಂದು ಅಪ್ಪ ಬದುಕಿರುವವರೆಗೂ ಹೇಳಿಕೊಂಡರು.

ಉಂಡು ಮಲಗುವುದು ನನ್ನ ನಿಯಮ. ಇಂದು ತಲೆ ಎತ್ತಿ ನೋಡಿದರೆ ನನ್ನ ಹೆಂಡತಿ ಸೌಟು ಹಿಡಿದು ರೇಡಿಯೋದ ಬಳಿ ನಿಂತೇ ಕೇಳುತ್ತಿದ್ದಳು. ಎಷ್ಟು ವರ್ಷದಿಂದ ಹೀಗೆ ನಿಂತಿದ್ದಾಳೋ. ನಾನು ಮಲಗಿರುತ್ತಿದ್ದೆನಾದ್ದರಿಂದ ಮಾಹಿತಿಯಿಲ್ಲ.

"ನೀ ಕೂತು ಉಣ್ಣು. ನಾ ಬಡಸ್ತೀನಿ," ಎಂದೆ.

"ಯಾಕ್ರಿ, ಮೈಯಾಗ ಆರಾಮಿಲ್ಲೇನು?"

ಕೂತಳು. ಹುಡುಗ ಮುಗಿಸುವವರೆಗೆ ಕೇಳುತ್ತ, ನಿಧಾನವಾಗಿ ಉಂಡಳು. ನಾನು ತಾಟುಗಳನ್ನು ತೊಳೆದು ಬೋರಲು ಹಾಕಿದೆ, ಎರಡನ್ನೂ.