ಗೋಡೆಯಾಚೆಯ ಮಗ್ಗ

ಇಳಕಲ್ಲಿನ ನಮ್ಮ ಪಕ್ಕದ ಮನೆಯ ನೇಕಾರ ಸೀರೆಯನ್ನು ಕಣ್ಣಿಗೊತ್ತಿಕೊಳ್ಳುವ ಹಾಗೆ ನೇಯುತ್ತಿದ್ದ. ಆದರೆ ಅವನ ನಿದ್ದೆಯ ಕಾಟ ಮಾತ್ರ ಸಾಕುಸಾಕಾಗಿತ್ತು. ದೀಪ ಹಚ್ಚುವ ಹೊತ್ತಿಗೆ ಮಗ್ಗ ಬಂದ್. ಊಟವಾಗುತ್ತಲೇ ಗೋಡೆ ಬಡಿದು ನಮ್ಮ ಟಿ.ವಿ.ಯನ್ನೂ ಬಂದ್ ಮಾಡಿಸುತ್ತಿದ್ದ. ಅವನಿಗೆ ಬೈಪೋಲಾರ್ ಕಾಯಿಲೆ. ಮಾತ್ರೆಯೂ ತಪ್ಪಬಾರದು, ಮಲಗುವ ಏಳುವ ಹೊತ್ತೂ ತಪ್ಪಬಾರದು ಎಂದು ಬಾಗಲಕೋಟೆಯ ಡಾಕ್ಟರು ಹೇಳಿದ್ದರಂತೆ. ಯಾರ ಮನೆಯ ಮದುವೆಯೇ ಇರಲಿ, ಭಜನೆಯೇ ಇರಲಿ, ಅವನದು ಒಂದೇ ಮಾತು: "ನಿದ್ದಿ ಒಂದು ಬಿಟ್ಟು ಬ್ಯಾರೆ ಏನರ ಕೇಳ್ರಿ."

ನನ್ನ ಮಗಳ ಮದುವೆಯ ಸೀರೆಯನ್ನು ಅವನಿಗೇ ಒಪ್ಪಿಸಿದ್ದೆ. ದಿನ ಹತ್ತಿರ ಬಂದಂತೆ ಮಗ್ಗದ ಸದ್ದು ಬಿರುಸಾಯಿತು. ಲಾಳಿ ಹಾರುತ್ತಿತ್ತು, ಜೊತೆಗೆ ಹಾಡು ಬೇರೆ. ನನಗೋ ಹಿಗ್ಗು. ಸೆರಗಷ್ಟೇ ಬಾಕಿ ಇದ್ದಾಗ ಒಂದು ಮಧ್ಯಾಹ್ನ ಸದ್ದು ನಿಂತೇಹೋಯಿತು. ಓಡಿಹೋಗಿ ನೋಡಿದರೆ ಬಾಗಲಕೋಟೆ ಬಸ್ಸಿಗೆ ಹೊರಟು ನಿಂತಿದ್ದಾನೆ!

"ಸೆರಗು ಯಾರು ನೇಯಬೇಕೋ ತಮ್ಮಾ?"

"ಕೈ ಭಾಳ ಓಡಾಕತ್ತೈತ್ರಿ ಅಕ್ಕಾರ. ನಿನ್ನೆ ನಿದ್ದೀನೂ ಹತ್ತಲಿಲ್ಲ. ಡಾಕ್ಟರ್ ಕಡೆ ಹೊಂಟೇನಿ."

"ಕೈ ಓಡಿದ್ರ ಛಲೋನ ಆತಲ್ಲೋ!"

"ಹೋದ ಸಲಾನೂ ಎಲ್ಲಾರೂ ಹಂಗ ಅಂದ್ರಿ. ಆಮ್ಯಾಲೆ ನೀವ ಕೈಕಾಲು ಕಟ್ಟಿ ದವಾಖಾನಿಗೆ ಒಯ್ದ್ರಿ."

ಮಗಳು ಅಂಗಡಿಯ ಸೀರೆ ಉಟ್ಟು ಮದುವೆಯಾದಳು. ಅವನು ನೇಯ್ದ ಸೀರೆ ಕೈಗೆ ಬಂದದ್ದು ಅವಳು ಬಸುರಾಗಿ ಕುಬಸ ಮಾಡುವ ಹೊತ್ತಿಗೆ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಆದರೂ ನಾವು ಆ ಮನೆಯಲ್ಲಿ ಇದ್ದಷ್ಟು ದಿನವೂ, ಮಗ್ಗದ ಸದ್ದು ಬಿರುಸಾದರೆ ಸಾಕು, ಗೋಡೆ ಬಡಿಯುತ್ತಿದ್ದವಳು ನಾನೇ.