ಕರಿಮಣಿ ಸರ ಮತ್ತು ಹದಿನಾರು ಬ್ಯಾಟರಿ

ಹಳದೀಪುರದ ನೀಲಾ ಹನ್ನೊಂದು ವರ್ಷಗಳಿಂದ ಹೊನ್ನಾವರದ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ. ಸೇರಿದ್ದು ಫೋನ್ ಎತ್ತಲಿಕ್ಕೆ ಮತ್ತು ಕಸ ಗುಡಿಸಲಿಕ್ಕೆ. ರಿಪೇರಿಯವರು ಒಬ್ಬೊಬ್ಬರಾಗಿ ಬಿಟ್ಟು ಹೋದಾಗ ಮಾಲೀಕ ಕೃಷ್ಣಾನಂದ ಸ್ಕ್ರೂಡ್ರೈವರನ್ನು ಅವಳ ಕೈಗೆ ಕೊಟ್ಟ. ಪೊರಕೆಯನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ.

ಕಸುಬಿನಲ್ಲಿ ಅವಳಿಗೊಂದು ಅಡ್ಡಹೆಸರಿದೆ: ಪುಕ್ಕಲಿ. ಪ್ಲಗ್ಗು ಕಿತ್ತು ಕಣ್ಣೆದುರು ಇಟ್ಟುಕೊಳ್ಳದೆ ಅವಳು ಯಾವ ಡಬ್ಬವನ್ನೂ ಬಿಚ್ಚುವುದಿಲ್ಲ. ಗಿರಾಕಿ ‘ಸ್ವಿಚ್ ಆರಿಸಿದ್ದೇನೆ’ ಎಂದರೆ ಎದ್ದು ಹೋಗಿ ತಾನೇ ನೋಡಿ ಬರುತ್ತಾಳೆ. ಹಾಲನ್ನು ಒಲೆಯ ಮೇಲಿಟ್ಟು ‘ಸ್ವಲ್ಪ ನೋಡ್ಕಳಿ’ ಎಂದು ಗಂಡನಿಗೆ ಹೇಳಿ ಬಾವಿಗೆ ಹೋದವಳಿಗೆ ಈ ಪಾಠವನ್ನು ಬೇರೆ ಯಾರೂ ಕಲಿಸಬೇಕಾಗಿರಲಿಲ್ಲ.

ಕೆಲಸಕ್ಕೆ ಕೂರುವ ಮೊದಲು ಬಳೆ, ಉಂಗುರ, ಕರಿಮಣಿ ಸರ ಎಲ್ಲ ತೆಗೆದು ಊಟದ ಡಬ್ಬಿಯ ಮುಚ್ಚಳದಲ್ಲಿ ಇಡುತ್ತಿದ್ದಳು. ಬಂಗಾರದಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ಅದು ಮುತ್ತೈದೆಯ ಬಂಗಾರವೋ ಎಂದು ವಿಚಾರಿಸಿ ಹರಿಯುವುದಿಲ್ಲ.

ವಿಚಾರಿಸಿದ್ದು ಮಂಜಿ. ಗಂಡ ವಿನೋದನ ಚಿಕ್ಕಮ್ಮ. ಒಂದು ದಿನ ಝೆರಾಕ್ಸ್ ಮಾಡಿಸಲು ಅದೇ ಅಂಗಡಿಗೆ ಬಂದವಳು, ಝೆರಾಕ್ಸ್ ಮಾಡಿಸದೇ ಹಳದೀಪುರದ ಬಸ್ಸು ಹತ್ತಿದಳು. ಸಂಜೆ ನೀಲಾ ಮನೆ ಮುಟ್ಟುವಾಗ ಜಗಲಿಯ ಮೇಲೆ ವಿಚಾರಣೆ ಶುರುವಾಗಿತ್ತು.

“ಗಣಪಕ್ಕ, ನಿನ್ನ ಸೊಸೆ ಕೊಳ್ಳು ಬೋಳು ಮಾಡ್ಕಂಡು ಅಂಗಡೀಲಿ ಕೂತದೆ. ಈ ಕಣ್ಣಲ್ಲೇ ಕಂಡೆ.”

ಅತ್ತೆ ಗಣಪಿ ಸೊಸೆಯ ಕಡೆ ತಿರುಗಿದಳು. “ಎಂತಕ್ಕೆ ಹಾಂಗೆ ಮಾಡ್ತೆ ತಂಗೀ?”

“ಕರೆಂಟಿನ ಕೆಲ್ಸ ಅತ್ತೆ. ಬಂಗಾರ ತಾಗಿದ್ರೆ ನಾನು ಸುಟ್ಟು ಹೋಗ್ತೆ.”

“ಅದು ತೆಗೆದ್ರೆ ನಾನು ಹೋಗ್ತೆ,” ಎಂದ ವಿನೋದ. “ಕೆಲ್ಸ ಮಾಡು, ಬೇಡ ಅಂದ್ನಾ? ಕರಿಮಣಿ ಮಾತ್ರ ತೆಗೀಬೇಡ. ತೆಗೀದೆ ಆಗೂದೇ ಇಲ್ಲ ಅಂದ್ರೆ ಕೆಲ್ಸ ಬಿಡು.”

ವಿನೋದ ಟೆಂಪೋ ಓಡಿಸುತ್ತಾನೆ. ಮದುವೆಯಲ್ಲಿ ತೊಡಿಸಿದ್ದ ಉಂಗುರವನ್ನು, ಸ್ಟೇರಿಂಗಿಗೆ ತಾಗಿ ಬೆರಳು ಉರಿಯುತ್ತದೆಂದು ಮದುವೆಯಾದ ನಾಲ್ಕನೇ ದಿನವೇ ಬಿಚ್ಚಿಟ್ಟಿದ್ದ. ಅದರಿಂದ ನೀಲಾಳ ಆಯುಷ್ಯಕ್ಕೆ ಏನಾಯಿತೆಂದು ಯಾವ ಜಗಲಿಯ ಮೇಲೂ ಚರ್ಚೆ ನಡೆದ ದಾಖಲೆ ಇಲ್ಲ.

ಕೆಲಸ ಬಿಡುವ ಮನಸ್ಸು ಅವಳಿಗೆ ಇರಲಿಲ್ಲ. ಇಡೀ ದಿನದಲ್ಲಿ ಅವಳು ಹೇಳಿದಂತೆ ಕೇಳುವ ವಸ್ತುಗಳು ಇದ್ದದ್ದು ಅಲ್ಲಿ ಮಾತ್ರ. ಸರವನ್ನು ರವಿಕೆಯೊಳಗೆ ಸೇರಿಸಿ ಪಿನ್ನು ಚುಚ್ಚಿಕೊಂಡು ಹೋಗತೊಡಗಿದಳು. ಕೃಷ್ಣಾನಂದ ಮೆಚ್ಚಿ ತಲೆಯಾಡಿಸಿದ. “ಸಂಸ್ಕಾರ ಅಂದ್ರೆ ಹೀಂಗಿರ್ಬೇಕು ನೋಡು.”

ಎರಡನೇ ವಾರ ಕುಮಟೆಯ ಒಂದು ಕಚೇರಿಯಲ್ಲಿ ಯುಪಿಎಸ್ ಬ್ಯಾಟರಿ ಬದಲಿಸುವ ಕೆಲಸ ಬಂತು. ಕಬ್ಬಿಣದ ಸ್ಟ್ಯಾಂಡಿನಲ್ಲಿ ಎರಡು ಸಾಲಾಗಿ ಹದಿನಾರು ಬ್ಯಾಟರಿ. ಯುಪಿಎಸ್ಸನ್ನು ಆರಿಸಬಹುದು, ಬ್ಯಾಟರಿಯನ್ನು ಆರಿಸಲು ಸ್ವಿಚ್ಚೇ ಇಲ್ಲ. ಅದಕ್ಕಾಗಿಯೇ ನೀಲಾ ತನ್ನ ಸ್ಪ್ಯಾನರಿಗೆ ಹಿಡಿಯಿಂದ ಕುತ್ತಿಗೆಯವರೆಗೆ ಟೇಪು ಸುತ್ತಿದ್ದಳು. ಸ್ಪ್ಯಾನರಿಗೆ ಅತ್ತೆಮನೆ ಇರಲಿಲ್ಲವಾದ್ದರಿಂದ ಅದರ ಕುತ್ತಿಗೆಗೆ ಯಾರೂ ಆಕ್ಷೇಪಿಸಿರಲಿಲ್ಲ.

ಮೇಲಿನ ಸಾಲಿನ ಒಂದನ್ನು ಬದಲಿಸಿ ಕೆಳಗಿನ ಸಾಲಿಗೆ ಬಗ್ಗಿದಾಗ ಪಿನ್ನು ಕಳಚಿತು. ಸರ ಜೋತು ಒಂದು ಬ್ಯಾಟರಿಯ ಪ್ಲಸ್ಸು ಮೈನಸ್ಸು ಎರಡೂ ತುದಿಗಳ ಮೇಲೆ ಬಿತ್ತು. ಫಳ್ಳೆಂದು ಬೆಳಕು. ಬಂಗಾರ ಕೆಂಪಾಗಿ ಕರಗಿ ಹರಿಯಿತು, ಕಾದ ತುಂಡು ಹಿಂದಕ್ಕೆ ಜೋಲಿ ಕೊರಳ ಕೆಳಗೆ ಅಂಟಿತು. ಕಿತ್ತೆಸೆಯಲು ಹೋದ ಬಲಗೈಯ ಮೂರು ಬೆರಳು ಬೆಂದವು. ಅಲ್ಲಿಯ ಗುಮಾಸ್ತೆ ದಿವ್ಯಶ್ರೀ ಓಡಿ ಬಂದು, ಕೈ ಹಿಡಿದೆಳೆದು ನಲ್ಲಿಯ ಕೆಳಗೆ ಇಟ್ಟು, ಆಮೇಲೆ ರಿಕ್ಷಾ ಮಾಡಿ ಆಸ್ಪತ್ರೆಗೆ ಕರೆದೊಯ್ದಳು.

ಸುದ್ದಿ ಹಳದೀಪುರಕ್ಕೆ ತಲುಪಿದ್ದು ಹೀಗೆ: ನೀಲಾಳ ಕರಿಮಣಿ ಹರಿದಿದೆ.

ಬ್ಯಾಂಡೇಜು ಸುತ್ತಿಕೊಂಡು ಅವಳು ಮನೆಗೆ ಬರುವಾಗ ಜಗಲಿ ತುಂಬ ಜನ. ನಡುವೆ ಕುರ್ಚಿಯಲ್ಲಿ ವಿನೋದ. ಭಟ್ಕಳದ ಬಾಡಿಗೆಯನ್ನು ಅರ್ಧದಲ್ಲೇ ಬಿಡಿಸಿ ಕರೆಸಿದ್ದರು. ಒಬ್ಬರು ಎಳನೀರು ಕುಡಿಸುತ್ತಿದ್ದರು, ಇನ್ನೊಬ್ಬರು ಬೀಸಣಿಗೆ ಬೀಸುತ್ತಿದ್ದರು, ಮಂಜಿ ಮೆಣಸು ಉಪ್ಪು ನಿವಾಳಿಸುತ್ತಿದ್ದಳು.

“ಎದೆ ಹಿಡ್ದಾಂಗೆ ಆಗ್ತದಾ ಮಗಾ?” ಮಂಜಿ ಕೇಳಿದಳು.

“ಸ್ವಲ್ಪ,” ಎಂದ ವಿನೋದ.

ಬಂದವರಿಗೆ ಚಾ ಆಗಬೇಕಲ್ಲ. ಹನ್ನೊಂದು ಲೋಟ ಚಾವನ್ನು ನೀಲಾ ಎಡಗೈಯಲ್ಲೇ ಮಾಡಿದಳು. ಸೋಸುವಾಗ ಗಣಪಿ ಪಾತ್ರೆ ಹಿಡಿದುಕೊಂಡಳು. ಆ ಮನೆಯಲ್ಲಿ ಆ ದಿನ ಸೊಸೆಯ ಕೊರಳನ್ನು ನೋಡಿದವಳು ಅವಳೊಬ್ಬಳೇ.

“ಭಾಳ ಉರೀತದಾ?”

“ಹೂಂ.”

ಚಾ ಕೊಟ್ಟು ನೀಲಾ ಬಾಗಿಲಿಗೆ ಒರಗಿ ನಿಂತಳು. ಗಂಡನ ಬೆವರಿದ ಮುಖವನ್ನು ಸ್ವಲ್ಪ ಹೊತ್ತು ನೋಡಿ, ತಣ್ಣಗೆ ಹೇಳಿದಳು: “ಸರಕ್ಕೆ ಬೆಸುಗೆ ಹಾಕ್ಸಿ ಕೊಡಿ. ಕೈ ಗುಣ ಆದ್ಮೇಲೆ ಹಾಕಂಡು ಕುಮಟೆಗೆ ಹೋಗೂದದೆ. ಇನ್ನೂ ಹದಿನೈದು ಬ್ಯಾಟರಿ ಬಾಕಿ.”

ಎಳನೀರು ವಿನೋದನ ಗಂಟಲಲ್ಲಿ ಸಿಕ್ಕಿತು. “ಎಂತಾ? ಮತ್ತೆ ಹರಿದ್ರೆ?”

“ಹರೀಬಹುದು. ನೀವೇ ಹೇಳಿದ್ರಲ್ಲ, ತೆಗೀಬೇಡ ಅಂತ.”

“ಒಂದ್ಸಲಕ್ಕೆ ದೇವ್ರು ಬಿಟ್ಟ,” ಎಂದು ಮಂಜಿ ಉಪ್ಪು ಮೆಣಸನ್ನು ಇನ್ನೊಂದು ಸುತ್ತು ನಿವಾಳಿಸಿದಳು. “ಹದಿನೈದು ಸಲ ಬಿಡ್ತಾನಾ?”

“ಮನೆಲೇ ಇಟ್ಟು ಹೋಗು ಮಾರಾಯ್ತಿ!” ವಿನೋದ ಕೂಗಿದ. “ಕಪಾಟಲ್ಲಿ ಇಡು. ಬೀಗ ಹಾಕು.”

“ಜನ ಎಂತ ಹೇಳೂದು?” ನೀಲಾ ಕೇಳಿದಳು.

“ಜನ ಸಾಯ್ತ್ರಾ? ಸಾಯೂದು ನಾನು!”

“ಆತು,” ಎಂದಳು ನೀಲಾ.

ಹೀಗೆ, ಯಾವ ತರಬೇತಿಯೂ ಇಲ್ಲದೆ, ಆ ಮನೆ ಕೆಲಸದ ಸುರಕ್ಷತೆಯ ಮೊದಲ ನಿಯಮವನ್ನು ಒಪ್ಪಿಕೊಂಡಿತು. ಸುಟ್ಟ ಕೊರಳಿಗಾಗಿ ಒಪ್ಪಿದ್ದಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕೊರಳಿಗಾಗಿ ಒಪ್ಪುವವರೆಗೆ ಕಾದು ಕೂರುವಷ್ಟು ಪುರುಸೊತ್ತು ಅವಳಿಗಿರಲಿಲ್ಲ.

ಇಪ್ಪತ್ತು ದಿನ ಕಳೆದು ಅವಳು ಬೋಳು ಕೈ, ಬೋಳು ಕೊರಳಿನಲ್ಲಿ ಕುಮಟೆಯ ಬಸ್ಸು ಹತ್ತಿದಳು. ಹದಿನೈದೂ ಬ್ಯಾಟರಿ ಒಂದು ಕಿಡಿಯೂ ಇಲ್ಲದೆ ಬದಲಾದವು. ವಿನೋದ ಆ ದಿನ ಟೆಂಪೋ ತೆಗೆಯಲಿಲ್ಲ. ಸರ ಇಟ್ಟ ಕಪಾಟಿನ ಎದುರೇ ಕುರ್ಚಿ ಹಾಕಿಕೊಂಡು ಬೆಳಿಗ್ಗೆಯಿಂದ ಕಾವಲು ಕೂತಿದ್ದ. ಹೇಗೂ ಕೂತಿದ್ದಾನಲ್ಲ ಎಂದು ಗಣಪಿ ಒಂದು ಬುಟ್ಟಿ ಸಿಗಡಿ ತಂದು ಅವನ ಕಾಲ ಬುಡದಲ್ಲಿಟ್ಟಳು.

“ಸುಲಿ ಮಗಾ. ನೀಲಾ ಬರೂದು ತಡ ಆಗ್ತದೆ.”